ಹತ್ತಿರದವರು ಮುನಿಸಿಕೊಂಡಾಗ: ಧಾರಾವಾಹಿಗೆ ನಂಬುವಂಥ ಜಗಳ ಬರೆಯುವುದು ಹೇಗೆ?

ಧಾರಾವಾಹಿಯಲ್ಲಿ ಪ್ರೀತಿ ಹುಟ್ಟಿಸುವುದಕ್ಕಿಂತ ಮುನಿಸು ಹುಟ್ಟಿಸುವುದು ಕಷ್ಟ. ಇಬ್ಬರು ಹತ್ತಿರವಾಗಲಿ ಎಂದು ನೋಡುವವರೇ ಕಾಯುತ್ತಿರುತ್ತಾರೆ. ಎರಡು ಒಳ್ಳೆಯ ಸೀನ್ ಸಿಕ್ಕರೆ ಸಾಕು, ಉಳಿದದ್ದನ್ನು ತಾವೇ ಕಲ್ಪಿಸಿಕೊಳ್ಳುತ್ತಾರೆ. ದೂರವಾಗುವುದನ್ನು ಮಾತ್ರ ಯಾರೂ ಬಯಸುವುದಿಲ್ಲ. ವರ್ಷಗಟ್ಟಲೆ ಒಟ್ಟಿಗಿದ್ದ ಅಣ್ಣ-ತಮ್ಮ, ಗೆಳತಿಯರು, ತಾಯಿ-ಮಗಳು ಇದ್ದಕ್ಕಿದ್ದಂತೆ ಮಾತು ಬಿಟ್ಟರೆ ಪ್ರೇಕ್ಷಕರು ಮೊದಲು ಕೇಳುವುದು, 'ಇವರು ಹೀಗೆ ಮಾಡುವವರೇ ಅಲ್ಲವಲ್ಲ?' ಎಂದು. ಇದಕ್ಕೆ ಸ್ಕ್ರಿಪ್ಟ್‌ನಲ್ಲಿ ಉತ್ತರವಿಲ್ಲದಿದ್ದರೆ, ಕಥೆ ಮುಂದಕ್ಕೆ ತಳ್ಳಲು ಬರೆದವರು ಜಗಳ ಹಚ್ಚಿದ್ದಾರೆ ಎಂಬುದು ಎಲ್ಲರಿಗೂ ಗೊತ್ತಾಗಿಬಿಡುತ್ತದೆ.

ಟಿವಿಯ ಕಷ್ಟವೂ ಬಲವೂ ಇಲ್ಲೇ ಇದೆ. ಸಿನಿಮಾದಲ್ಲಿ ಪಾತ್ರಗಳ ಜೊತೆ ನಮ್ಮ ಒಡನಾಟ ಎರಡು-ಮೂರು ಗಂಟೆಯದ್ದು. ಧಾರಾವಾಹಿಯಲ್ಲಿ ಅವರು ಊಟ ಮಾಡುವ ರೀತಿ, ಸುಳ್ಳು ಹೇಳುವಾಗ ಎತ್ತ ನೋಡುತ್ತಾರೆ ಎಂಬುದು, ಯಾವ ವಿಷಯ ಬಂದರೆ ಮಾತು ಬದಲಿಸುತ್ತಾರೆ ಎಂಬುದು ಎಲ್ಲವೂ ನಮಗೆ ಬಾಯಿಪಾಠ. ಅಂಥ ಇಬ್ಬರು ಜಗಳವಾಡಿದರೆ ನಮ್ಮ ಮನೆಯಲ್ಲೇ ಜಗಳವಾದಂತೆ ಹೊಟ್ಟೆ ಕಿವುಚುತ್ತದೆ. ಆ ಸಂಕಟವನ್ನು ನ್ಯಾಯವಾಗಿ ಸಂಪಾದಿಸುವ ದಾರಿಯನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಎಲ್ಲ ಹೆಜ್ಜೆಗಳ ಹಿಂದೆಯೂ ಇರುವುದು ಒಂದೇ ನಂಬಿಕೆ: ಇಬ್ಬರನ್ನು ಯಾವುದು ಹತ್ತಿರ ತಂದಿತ್ತೋ ಅದೇ ಅವರನ್ನು ದೂರ ಮಾಡಬೇಕು.

ಹೆಜ್ಜೆ 1: ಮುರಿಯುವ ಮೊದಲು ಇರುವುದನ್ನು ತೋರಿಸಿ

'ಇವರಿಬ್ಬರೂ ಬಾಲ್ಯದ ಗೆಳತಿಯರು' ಎಂದು ಮೂರನೆಯವರ ಬಾಯಲ್ಲಿ ಹೇಳಿಸಿದರೆ ಅದು ಮಾಹಿತಿಯಷ್ಟೇ ಆಗುತ್ತದೆ. ಸ್ನೇಹವನ್ನು ಕಣ್ಣಿಗೆ ಕಾಣುವ ಕೆಲಸಗಳಲ್ಲಿ ತೋರಿಸಬೇಕು. ಒಬ್ಬಳು ತಡವಾಗಿ ಬಂದಾಗ ಇನ್ನೊಬ್ಬಳು ಕಾರಣ ಕೇಳದೆ ಕುರ್ಚಿ ಸರಿಸುವುದು. ಒಬ್ಬನ ಅರ್ಧ ವಾಕ್ಯವನ್ನು ಇನ್ನೊಬ್ಬ ಮುಗಿಸುವುದು. ಹೊರಗಿನವರ ಮುಂದೆ ಒಬ್ಬ ತಪ್ಪು ಮಾತಾಡಿದರೆ ಇನ್ನೊಬ್ಬ ಅದನ್ನು ನಗೆಯಲ್ಲಿ ತೇಲಿಸಿಬಿಡುವುದು.

ಒಂದು ಹಾಳೆ ತೆಗೆದುಕೊಂಡು, ಈ ಇಬ್ಬರು ಒಬ್ಬರಿಗೊಬ್ಬರು ಮಾತ್ರ ಮಾಡುವ, ಬೇರೆ ಯಾರಿಗೂ ಮಾಡದ ಕೆಲಸಗಳನ್ನು ಬರೆಯಿರಿ. ಐದಾರು ಸಿಗಬೇಕು. ಸಿಗದಿದ್ದರೆ ಜಗಳ ಬರೆಯುವ ಕಾಲ ಇನ್ನೂ ಬಂದಿಲ್ಲ. ಇನ್ನೂ ಕೆಲವು ಕಂತು ಅವರನ್ನು ಒಟ್ಟಿಗಿರಿಸಿ. ಸಿಕ್ಕರೆ ಆ ಹಾಳೆಯನ್ನು ಜೋಪಾನವಾಗಿಡಿ. ಜಗಳದ ಸೀನ್‌ಗೂ ಅದರ ನಂತರದ ಕಂತುಗಳಿಗೂ ಬೇಕಾದ ಸಾಮಗ್ರಿ ಅದರಲ್ಲೇ ಇರುತ್ತದೆ.

ಜೊತೆಗೆ, ಜಗಳಕ್ಕೆ ಮುಂಚಿನ ಒಂದು ಕಂತಿನಲ್ಲಿ ಇಬ್ಬರನ್ನೂ ಒಂದೇ ಬದಿಯಲ್ಲಿ ನಿಲ್ಲಿಸಿ ಗೆಲ್ಲಿಸಿ. ಸಣ್ಣ ಗೆಲುವಾದರೂ ಸಾಕು. ಮುಂದೆ ಏನು ಕಳೆದುಹೋಗಲಿದೆ ಎಂಬುದರ ತೂಕ ನೋಡುವವರ ಕೈಗೆ ಆಗ ಸಿಗುತ್ತದೆ.

ಹೆಜ್ಜೆ 2: ಕಾರಣ ಸಂಬಂಧದ ಒಳಗಿನಿಂದಲೇ ಬರಲಿ

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೂರಬೇಕಾದದ್ದು ಇದರ ಮುಂದೆ. ಹೊಸಬರೊಬ್ಬರು ಬಂದು ಚಾಡಿ ಹೇಳಿದರು, ಯಾರೋ ಪತ್ರ ಬದಲಿಸಿದರು, ಅರ್ಧ ಮಾತು ಬಾಗಿಲ ಹಿಂದಿನಿಂದ ಕೇಳಿಸಿತು... ಇಂಥ ಕಾರಣಗಳೆಲ್ಲ ಹೊರಗಿನಿಂದ ಬರುವಂಥವು. ಹೊರಗಿನ ಕಾರಣ ಹೋದ ಕೂಡಲೇ ಜಗಳವೂ ಹೋಗುತ್ತದೆ, ಪಾತ್ರಗಳು ಮೊದಲಿನ ಜಾಗಕ್ಕೇ ಬಂದು ನಿಲ್ಲುತ್ತವೆ. ಅಷ್ಟು ದಿನ ನೋಡಿದವರಿಗೆ ಕೈಗೆ ಏನೂ ಹತ್ತುವುದಿಲ್ಲ.

ಒಳಗಿನ ಕಾರಣ ಎಂದರೇನು ಎಂಬುದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ 2015ರಲ್ಲಿ ಶುರುವಾದ ಅಮೆರಿಕದ ಧಾರಾವಾಹಿ 'ಬೆಟರ್ ಕಾಲ್ ಸಾಲ್'. ಅಣ್ಣ ಚಕ್ ಹೆಸರಾಂತ ವಕೀಲ, ದೊಡ್ಡ ಕಚೇರಿಯೊಂದರ ಪಾಲುದಾರ. ತಮ್ಮ ಜಿಮ್ಮಿ ಜನರಿಗೆ ಟೋಪಿ ಹಾಕಿಕೊಂಡು ಬೆಳೆದವನು. ಜೈಲಿನ ಬಾಗಿಲಿಂದ ಅಣ್ಣನೇ ಬಿಡಿಸಿ ತಂದು, ತನ್ನ ಕಚೇರಿಯಲ್ಲಿ ಟಪಾಲು ಹಂಚುವ ಕೆಲಸ ಕೊಡಿಸುತ್ತಾನೆ. ಅಣ್ಣನಂತಾಗಬೇಕೆಂಬ ಆಸೆಗೆ ಜಿಮ್ಮಿ ಯಾರಿಗೂ ಹೇಳದೆ ದೂರಶಿಕ್ಷಣದಲ್ಲಿ ಕಾನೂನು ಓದಿ ಪಾಸಾಗುತ್ತಾನೆ. ಮುಂದೆ ಚಕ್‌ಗೆ ವಿದ್ಯುತ್ ಇರುವ ಯಾವ ವಸ್ತುವೂ ಸೇರದೆಂಬ ಕಾಯಿಲೆ ಅಂಟಿಕೊಂಡಾಗ, ಅವನ ಮನೆಗೆ ಮಂಜುಗಡ್ಡೆ, ದಿನಸಿ, ಪತ್ರಿಕೆ ತಂದುಕೊಡುವವನೂ ಜಿಮ್ಮಿಯೇ.

ಇಷ್ಟು ಕಟ್ಟಿದ ಮೇಲೆ ಮೊದಲ ಸೀಸನ್ನಿನ ಕೊನೆಯ ಹೊತ್ತಿಗೆ ಸತ್ಯ ಹೊರಬೀಳುತ್ತದೆ. ಜಿಮ್ಮಿಯನ್ನು ಕಚೇರಿಗೆ ವಕೀಲನಾಗಿ ಸೇರಿಸಿಕೊಳ್ಳದಂತೆ ಇಷ್ಟು ವರ್ಷ ತಡೆದಿದ್ದವನು ಚಕ್. ತಾನು ಒಳ್ಳೆಯ ಅಣ್ಣನಾಗಿ ಉಳಿಯಲೆಂದು ಬೇಡ ಎನ್ನುವ ಕೆಲಸವನ್ನು ಪಾಲುದಾರ ಹೋವರ್ಡ್‌ನಿಂದ ಮಾಡಿಸಿದ್ದ. ಅದು ಬಯಲಾಗುವ ಬಗೆಯನ್ನು ಗಮನಿಸಿ: ವಿದ್ಯುತ್ ಕಂಡರೆ ಆಗದ ಚಕ್, ಹೋವರ್ಡ್‌ಗೆ ಕರೆ ಮಾಡಲು ರಾತ್ರಿ ತಮ್ಮನ ಮೊಬೈಲನ್ನೇ ಕೈಗೆತ್ತಿಕೊಂಡಿದ್ದ. ತಮ್ಮನನ್ನು ತಡೆಯುವುದು ಅವನಿಗೆ ಎಷ್ಟು ಮುಖ್ಯವಾಗಿತ್ತು ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ, ಆ ಫೋನ್ ಹೇಳುತ್ತದೆ.

ಇಲ್ಲಿ ಹೊರಗಿನವರು ಯಾರೂ ಬಂದಿಲ್ಲ. ಜಿಮ್ಮಿಯನ್ನು ಅಣ್ಣನತ್ತ ಎಳೆದದ್ದು ಅಣ್ಣನಂತಾಗುವ ಆಸೆ. ಅಣ್ಣನಿಗೆ ಸಹಿಸಲಾಗದೆ ಹೋದದ್ದೂ ಅದೇ ಆಸೆ. ಎರಡೂ ಒಂದೇ ಬೇರಿನವು. ಆದ್ದರಿಂದಲೇ ಅವರು ರಾಜಿಯಾಗಲು ಹೊರಟ ಪ್ರತಿ ಸಲವೂ ಗಾಯ ಮತ್ತೆ ತೆರೆದುಕೊಳ್ಳುತ್ತದೆ.

ನಿಮ್ಮ ಪಾತ್ರಗಳಿಗೆ ಇದನ್ನು ಹೀಗೆ ಹೊಂದಿಸಿಕೊಳ್ಳಿ. ಮೊದಲು 'ಇವಳಿಗೆ ಅವಳೆಂದರೆ ಏಕೆ ಇಷ್ಟ?' ಎಂಬುದಕ್ಕೆ ಪ್ರಾಮಾಣಿಕವಾಗಿ ಒಂದೇ ವಾಕ್ಯದ ಉತ್ತರ ಬರೆಯಿರಿ. ನಂತರ ಅದೇ ಗುಣ ಯಾವ ಪರಿಸ್ಥಿತಿಯಲ್ಲಿ ತಡೆಯಲಾಗದಂಥದ್ದಾಗುತ್ತದೆ ಎಂದು ಯೋಚಿಸಿ. ನೇರ ಮಾತಿನ ಗೆಳತಿ ಇಷ್ಟ ಎಂದಾದರೆ, ಆ ನೇರ ಮಾತು ಇವಳ ಮೇಲೆಯೇ, ಇವಳು ಕುಸಿದಿರುವ ದಿನ ಬರಲಿ. ಎಲ್ಲವನ್ನೂ ನೋಡಿಕೊಳ್ಳುವ ಅಕ್ಕ ಇಷ್ಟ ಎಂದಾದರೆ, ಅಕ್ಕ ಒಂದು ದಿನ ಕೇಳದೆಯೇ ಇವಳ ಬದುಕಿನ ತೀರ್ಮಾನವನ್ನೂ 'ನೋಡಿಕೊಂಡು'ಬಿಡಲಿ. ನಿಮ್ಮ ಜಗಳದ ಕಾರಣವನ್ನು ಬೇರೆ ಯಾವುದೋ ಜೋಡಿಗೆ ಎತ್ತಿಕೊಟ್ಟರೂ ಹೊಂದುತ್ತದೆ ಎಂದಾದರೆ ಅದು ಇನ್ನೂ ಇವರ ಜಗಳವಾಗಿಲ್ಲ.

ಹೆಜ್ಜೆ 3: ಇಬ್ಬರ ಪರವಾಗಿಯೂ ವಾದಿಸಿ

ನೋಡುವವರು ಒಂದು ಕಡೆ ವಾಲಬಹುದು, ಆದರೆ ಇನ್ನೊಂದು ಕಡೆಯ ನೋವು ಅವರ ಕಣ್ಣಿಗೆ ಬೀಳಬೇಕು. ಅದಕ್ಕೆ ನಾನು ಹೇಳುವ ಅಭ್ಯಾಸ ಇದು: ಜಗಳದ ಸೀನ್ ಬರೆಯುವ ಮೊದಲು, ಅದು ಮುಗಿದ ರಾತ್ರಿ ಎರಡೂ ಪಾತ್ರಗಳು ತಮಗೆ ತೀರ ಬೇಕಾದವರೊಬ್ಬರ ಮುಂದೆ ನಡೆದದ್ದನ್ನು ಹೇಗೆ ಹೇಳಿಕೊಳ್ಳುತ್ತವೆ ಎಂದು ಒಂದೊಂದು ಪುಟ ಬರೆಯಿರಿ. ಎರಡನ್ನೂ ಓದಿದ ಸ್ನೇಹಿತರು ಎರಡು ಸಲವೂ 'ಪಾಪ' ಎನ್ನಬೇಕು. ಒಂದು ಪುಟ ಸಪ್ಪೆಯಾಗಿದ್ದರೆ ಆ ಪಾತ್ರವನ್ನು ನೀವು ಖಳನನ್ನಾಗಿ ಮಾಡಿ ಆಗಿದೆ ಎಂದರ್ಥ.

ಚಕ್‌ನನ್ನು ಬರೆದವರು ಇಲ್ಲಿ ಎಷ್ಟು ಎಚ್ಚರ ವಹಿಸಿದ್ದಾರೆ ನೋಡಿ. ಎರಡನೆಯ ಸೀಸನ್ನಿನ ಕೊನೆಯ ಕಂತಿನಲ್ಲಿ ಹಿಂದಿನ ಕಾಲದ ಒಂದು ಸೀನ್ ಬರುತ್ತದೆ. ಸಾಯುತ್ತಿರುವ ತಾಯಿಯ ಹಾಸಿಗೆಯ ಪಕ್ಕ ಚಕ್ ಕೂತಿದ್ದಾನೆ. ಜಿಮ್ಮಿ ಏನೋ ತಿನ್ನಲು ತರುತ್ತೇನೆಂದು ಹೊರಗೆ ಹೋದ ಹೊತ್ತಿನಲ್ಲಿ ತಾಯಿ ಕಣ್ಣು ತೆರೆಯುತ್ತಾಳೆ, ಕರೆಯುವುದು ಜಿಮ್ಮಿಯ ಹೆಸರನ್ನು. ಪಕ್ಕದಲ್ಲೇ ಇರುವ ಮಗನನ್ನು ಅವಳು ಕೇಳುವುದಿಲ್ಲ. ತಾಯಿ ಕೊನೆಗೆ ಏನಾದರೂ ಹೇಳಿದಳೇ ಎಂದು ಜಿಮ್ಮಿ ವಿಚಾರಿಸಿದಾಗ ಚಕ್ ಇಲ್ಲ ಎಂದುಬಿಡುತ್ತಾನೆ. ಆ ಸುಳ್ಳು ಕ್ರೂರವಾದದ್ದು ಹೌದು, ಆದರೂ ಆ ಕ್ಷಣ ಅವನನ್ನು ಬೈಯಲು ಮನಸ್ಸಾಗುವುದಿಲ್ಲ. ನಿಮ್ಮ ಕಥೆಯಲ್ಲಿ ಯಾರು ಹೆಚ್ಚು ತಪ್ಪು ಮಾಡಿದ್ದಾರೋ ಅವರಿಗೇ ಇಂಥ ಸೀನ್ ಮೀಸಲಿಡಿ.

ಹೆಜ್ಜೆ 4: ದೊಡ್ಡ ಕಾರಣಕ್ಕೆ ಮುಂಚೆ ಸಣ್ಣ ಬಿರುಕುಗಳು

ನಿಜವಾದ ಮುನಿಸು ಬಹಳ ಸಲ ನೆಪ ಮಾಡಲೂ ನಾಚಿಕೆಯಾಗುವಷ್ಟು ಸಣ್ಣ ಸಂಗತಿಗಳಿಂದ ಬೆಳೆಯುತ್ತದೆ. 2020ರಲ್ಲಿ ಬಂದ 'ಇನ್‌ಸೆಕ್ಯೂರ್' ನಾಲ್ಕನೆಯ ಸೀಸನ್ ಪೂರ್ತಿ ಇದನ್ನು ನೆಚ್ಚಿಕೊಂಡಿದೆ. ಜೀವದ ಗೆಳತಿ ಮಾಲಿಯ ಜೊತೆ ತನಗೀಗ ಸರಿಯಿಲ್ಲ ಎಂದು ಇಸ್ಸಾ ಫೋನಿನಲ್ಲಿ ಹೇಳುವುದರಿಂದಲೇ ಸೀಸನ್ ಶುರು. ಅಲ್ಲಿಂದ ಮುಂದೆ ಏನಾಗುತ್ತದೆ ಎಂಬ ಪ್ರಶ್ನೆ ಉಳಿಯುವುದಿಲ್ಲ, ಹೇಗಾಯಿತು ಎಂಬುದನ್ನಷ್ಟೇ ನೋಡುತ್ತೇವೆ. ತಿರುಗಿ ಮಾಡದ ಒಂದು ಕರೆ, ಸಂತೋಷದ ಸುದ್ದಿಗೆ ಅರ್ಧ ಮನಸ್ಸಿನ ನಗು. ಇಸ್ಸಾ ನಡೆಸುತ್ತಿರುವ ಬೀದಿ ಉತ್ಸವಕ್ಕೆ ಮಾಲಿಯ ಗೆಳೆಯನಿಂದ ಒಂದು ಸಹಾಯ ಬೇಕಾಗುತ್ತದೆ, ಮಾಲಿ ಕೇಳಲಾರೆ ಎನ್ನುತ್ತಾಳೆ. ಇಸ್ಸಾ ಬೇರೊಬ್ಬರ ಮೂಲಕ ಅವನಿಂದಲೇ ಆ ಕೆಲಸ ಮಾಡಿಸಿಕೊಳ್ಳುತ್ತಾಳೆ. ಉತ್ಸವದ ದಿನ ಜನರ ನಡುವೆಯೇ ಇಬ್ಬರೂ ಸಿಡಿಯುತ್ತಾರೆ.

ಮೂರು ಸಣ್ಣ ನೋವುಗಳನ್ನು ಬೇರೆ ಬೇರೆ ಕಂತುಗಳಲ್ಲಿ ಇಟ್ಟರೆ ಸಾಕು. ಪ್ರತಿಯೊಂದನ್ನೂ ಒಬ್ಬರು ಗಮನಿಸಬೇಕು, ಇನ್ನೊಬ್ಬರಿಗೆ ಗೊತ್ತೇ ಆಗಬಾರದು. ಹಿನ್ನೆಲೆ ಸಂಗೀತದಲ್ಲಿ ಅದನ್ನು ಎತ್ತಿ ತೋರಿಸಲು ಹೋಗಬೇಡಿ.

ಹೆಜ್ಜೆ 5: ಯಾರಿಗೆ ಯಾವಾಗ ಗೊತ್ತಾಗುತ್ತದೆ?

ಗುಟ್ಟೊಂದು ಒಡೆಯುವುದರಿಂದ ಜಗಳವಾಗುವುದಾದರೆ, ನೋಡುವವರಿಗೆ ಅದು ಮೊದಲೇ ಗೊತ್ತಿರಬೇಕೇ ಅಥವಾ ಪಾತ್ರದ ಜೊತೆಗೇ ಗೊತ್ತಾಗಬೇಕೇ ಎಂಬುದನ್ನು ಬರೆಯಲು ಕೂರುವ ಮೊದಲೇ ತೀರ್ಮಾನಿಸಿ. ಜೊತೆಗೇ ಗೊತ್ತಾದರೆ ಆಘಾತ, ಒಂದು ಕಂತಿನ ಕೊನೆಗೆ ಅದು ಚೆನ್ನ. ಮೊದಲೇ ಗೊತ್ತಿದ್ದರೆ ಸಂಕಟ, ಅದನ್ನು ವರ್ಷಗಟ್ಟಲೆ ಎಳೆಯಬಹುದು. ದೀರ್ಘ ಧಾರಾವಾಹಿಗೆ ನಾನು ಎರಡನೆಯದನ್ನೇ ಆರಿಸುತ್ತೇನೆ.

'ಬ್ರೇಕಿಂಗ್ ಬ್ಯಾಡ್'ನಲ್ಲಿ ವಾಲ್ಟರ್ ತನ್ನ ಜೊತೆಗಾರ ಜೆಸ್ಸಿಯ ಪ್ರೇಯಸಿ ಜೇನ್ ಸಾಯುವುದನ್ನು, ಉಳಿಸಲು ಆಗುತ್ತಿದ್ದರೂ ಸುಮ್ಮನೆ ನಿಂತು ನೋಡುತ್ತಾನೆ. ಆ ಕಂತು ಬಂದದ್ದು 2009ರಲ್ಲಿ. ಅದನ್ನು ವಾಲ್ಟರ್ ಜೆಸ್ಸಿಯ ಮುಖಕ್ಕೆ ಹೇಳುವುದು 2013ರಲ್ಲಿ, ಕಥೆ ಮುಗಿಯಲು ಎರಡೇ ಕಂತು ಉಳಿದಿರುವಾಗ. ನಡುವಿನ ನಾಲ್ಕು ವರ್ಷ ವಾಲ್ಟರ್ ಜೆಸ್ಸಿಯ ಹೆಗಲ ಮೇಲೆ ಕೈಯಿಟ್ಟಾಗಲೆಲ್ಲ ನೋಡುವವರಿಗೆ ಮೈ ಜುಮ್ಮೆನ್ನುತ್ತಿತ್ತು. ಅದು ಹೊರಬೀಳುವುದು ಆಕಸ್ಮಿಕವಾಗಿಯೂ ಅಲ್ಲ. ನೋಯಿಸಲೆಂದೇ ಆಯ್ದು ಹೇಳಿದ ಮಾತು. ಗುಟ್ಟು ತಾನಾಗಿ ಬಯಲಾಗುವುದಕ್ಕಿಂತ, ಇಟ್ಟುಕೊಂಡವರೇ ಅದನ್ನು ಆಯುಧವಾಗಿ ಎಸೆದರೆ ಪೆಟ್ಟು ಎಷ್ಟೋ ಪಾಲು ಹೆಚ್ಚು.

ತಪ್ಪು ತಿಳಿವಳಿಕೆಯನ್ನೇ ಕಾರಣ ಮಾಡಿಕೊಳ್ಳುವವರು ತುಂಬ ಜನ. ಅದನ್ನು ಪೂರ್ತಿ ಬಿಡಿ ಎನ್ನಲಾರೆ. ಆದರೆ ಒಂದು ಫೋನ್ ಮಾಡಿದ್ದರೆ ಎಲ್ಲ ಸರಿಹೋಗುತ್ತಿತ್ತು ಎಂದು ನೋಡುವವರಿಗೆ ಅನ್ನಿಸಿದರೆ ನಿಮ್ಮ ಕಥೆ ಅಲ್ಲಿಗೇ ಕುಸಿಯಿತು. ಆ ಫೋನ್ ಮಾಡದಿರಲು ಪಾತ್ರಕ್ಕೆ ಸ್ವಂತ ಕಾರಣ ಬೇಕು: ಅಭಿಮಾನ, ಹೆದರಿಕೆ, ಮೊದಲೊಮ್ಮೆ ಕರೆ ಮಾಡಿ ಅವಮಾನವಾದ ನೆನಪು. ಆ ಕಾರಣ ಗಟ್ಟಿಯಾಗಿದ್ದರೆ ಜಗಳದ ಮೂಲವೇ ಅದಾಗುತ್ತದೆ, ತಪ್ಪು ತಿಳಿವಳಿಕೆ ಬರೀ ನೆಪವಾಗಿ ಹಿಂದೆ ಸರಿಯುತ್ತದೆ. ಆಗ ನಿಶ್ಚಿಂತೆಯಿಂದ ಬರೆಯಿರಿ.

ಹೆಜ್ಜೆ 6: ಜಗಳದ ಸೀನ್

ಮೊದಲು ದುರ್ಬಲವಾದದ್ದೊಂದನ್ನು ನೋಡೋಣ. ಅಕ್ಕ ಸುಮಾ, ತಂಗಿ ವೀಣಾ. ತಾಯಿ ತೀರಿಕೊಂಡು ಕೆಲವು ತಿಂಗಳಾಗಿವೆ. ತಾಯಿಯ ಮನೆಯನ್ನು ಸುಮಾ ತಂಗಿಗೆ ತಿಳಿಸದೆ ಮಾರಿದ್ದಾಳೆ.

ವೀಣಾ: ನನಗೆ ಹೇಳದೆ ಅಮ್ಮನ ಮನೆ ಮಾರಿಬಿಟ್ಟೆಯಾ? ನೀನು ನನ್ನ ನಂಬಿಕೆಗೆ ದ್ರೋಹ ಮಾಡಿದೆ!
ಸುಮಾ: ಅಮ್ಮ ಕಾಯಿಲೆ ಬಿದ್ದಾಗ ನೀನೆಲ್ಲಿದ್ದೆ? ಎಲ್ಲ ಜವಾಬ್ದಾರಿ ನಾನೊಬ್ಬಳೇ ಹೊತ್ತೆ!
ವೀಣಾ: ನಾನು ದುಡ್ಡು ಕಳಿಸುತ್ತಿರಲಿಲ್ಲವಾ?
ಸುಮಾ: ದುಡ್ಡಿನಿಂದ ಪ್ರೀತಿ ಕೊಳ್ಳೋಕಾಗಲ್ಲ!

ವಿಷಯ ಎಲ್ಲ ಇದೆ, ಜೀವವಿಲ್ಲ. ಇಬ್ಬರೂ ತಮ್ಮ ಮನಸ್ಸಿನಲ್ಲಿರುವುದನ್ನು ಸಾರಾಂಶ ಮಾಡಿ ಒಪ್ಪಿಸುತ್ತಿದ್ದಾರೆ. ಅಕ್ಕತಂಗಿಯರು ಹೀಗೆ ಜಗಳವಾಡುವುದಿಲ್ಲ. ಇದನ್ನೇ ಇನ್ನೊಂದು ರೀತಿ ಬರೆಯೋಣ. ಸುಮಾ ಪೆಟ್ಟಿಗೆಗೆ ಪುಸ್ತಕ ತುಂಬುತ್ತಿದ್ದಾಳೆ, ವೀಣಾ ಈಗಷ್ಟೇ ಬಂದು ಬಾಗಿಲಲ್ಲಿ ನಿಂತಿದ್ದಾಳೆ.

ವೀಣಾ: ಅಮ್ಮನ ಕನ್ನಡಕ ಎಲ್ಲಕ್ಕಾ?
ಸುಮಾ: ಕೊಟ್ಬಿಟ್ಟೆ. ಯಾರಿಗಾದ್ರೂ ಉಪಯೋಗಕ್ಕೆ ಬರ್ಲಿ ಅಂತ.
ವೀಣಾ: ನನ್ನ ಒಂದು ಮಾತು ಕೇಳ್ಬೋದಿತ್ತು.
ಸುಮಾ: ಕೇಳೋಕೇ ಫೋನ್ ಮಾಡಿದ್ದೆ. ಮೀಟಿಂಗಲ್ಲಿದೀನಿ ಅಂದೆ.
ವೀಣಾ: ಕನ್ನಡಕದ ವಿಷ್ಯ ಅಂತ ನಂಗೇನು ಗೊತ್ತು?
ಸುಮಾ: ಆಸ್ಪತ್ರೆಯಿಂದ ಮಾಡಿದಾಗ್ಲೂ ಮೀಟಿಂಗಲ್ಲೇ ಇದ್ದೆ.
(ಸುಮಾ ಪುಸ್ತಕ ಜೋಡಿಸುವುದನ್ನು ನಿಲ್ಲಿಸುವುದಿಲ್ಲ.)
ವೀಣಾ: ದುಡ್ಡು ಕಳಿಸ್ತಾನೇ ಇದ್ದೆನಲ್ಲಕ್ಕಾ.
ಸುಮಾ: ಹೂಂ. ಎಲ್ಲ ಬರೆದಿಟ್ಟಿದೀನಿ. ಮನೆದು ಬಂದ ತಕ್ಷಣ ವಾಪಸ್ ಹಾಕ್ತೀನಿ.
ವೀಣಾ: ಮನೆದು... ಏನು ಬಂದ ತಕ್ಷಣ?

ಎರಡನೆಯದು ಏಕೆ ನಡೆಯುತ್ತದೆ ಎಂದು ಬಿಡಿಸಿ ನೋಡಿದರೆ, ಬರೆಯುವವರಿಗೆ ಬೇಕಾದ ಉಪಾಯಗಳೆಲ್ಲ ಅಲ್ಲೇ ಸಿಗುತ್ತವೆ. ಮಾತು ಶುರುವಾಗುವುದು ಒಂದು ಕನ್ನಡಕದಿಂದ. ಮನೆಯ ಬಗ್ಗೆ ಜಗಳವಾಡಲು ವೀಣಾಗೆ ಇನ್ನೂ ವಿಷಯವೇ ಗೊತ್ತಿಲ್ಲ, ಆದರೂ ಜಗಳ ಆಗಲೇ ನಡೆಯುತ್ತಿದೆ. ಒಂದೊಂದು ಉತ್ತರವೂ ಒಂದೊಂದು ಹೆಜ್ಜೆ ಹಿಂದಕ್ಕೆ ಹೋಗುತ್ತದೆ: ಕನ್ನಡಕ, ಫೋನ್, ಆಸ್ಪತ್ರೆ. ಹತ್ತಿರದವರ ಜಗಳ ಯಾವಾಗಲೂ ಹಿಂದಕ್ಕೇ ಜಾರುತ್ತದೆ, ಏಕೆಂದರೆ ಅವರಿಗೆ ಹಂಚಿಕೊಂಡ ಹಿಂದಿನ ದಿನಗಳಿವೆ.

ಇನ್ನು 'ಬರೆದಿಟ್ಟಿದೀನಿ' ಎಂಬ ಮಾತು. ತಂಗಿ ಪ್ರೀತಿಯಿಂದ ಕಳಿಸಿದೆ ಅಂದುಕೊಂಡದ್ದನ್ನು ಅಕ್ಕ ಸಾಲದ ಪುಸ್ತಕಕ್ಕೆ ಸೇರಿಸಿದ್ದಾಳೆ. ಅದರಲ್ಲಿ ಬೈಗುಳವಿಲ್ಲ, ದನಿ ಏರಿಲ್ಲ, ಕೇಳಿದರೆ ಸಜ್ಜನಿಕೆಯ ಮಾತು. ಆದರೆ ವೀಣಾಗೆ ಇಡೀ ಸೀನ್‌ನಲ್ಲಿ ಹೆಚ್ಚು ನೋಯುವುದು ಅದೇ. ಎಲ್ಲಿ ಚುಚ್ಚಿದರೆ ನೋಯುತ್ತದೆ ಎಂದು ಹೊರಗಿನ ವೈರಿಗೆ ಗೊತ್ತಿರುವುದಿಲ್ಲ, ಅಕ್ಕನಿಗೆ ಗೊತ್ತಿರುತ್ತದೆ. ಆ ತಿಳಿವಳಿಕೆ ಬಂದದ್ದು ಪ್ರೀತಿಯಿಂದಲೇ ಅಲ್ಲವೇ? ಹೆಜ್ಜೆ 1ರ ಹಾಳೆಯನ್ನು ಈಗ ತೆಗೆಯಿರಿ. ಅವರು ಒಬ್ಬರಿಗೊಬ್ಬರು ಮಾಡುತ್ತಿದ್ದ ಕೆಲಸಗಳಲ್ಲಿ ಒಂದನ್ನು ಆರಿಸಿ, ಅದನ್ನೇ ತಿರುವಿ ಬಳಸಿ.

ಕೂಗಾಟಕ್ಕೆ ಅವಸರಪಡಬೇಡಿ. ಇಬ್ಬರೂ ಒಟ್ಟಿಗೆ ದನಿಯೇರಿಸಿದರೆ ಯಾರ ಮಾತೂ ಕೇಳಿಸುವುದಿಲ್ಲ. ಒಬ್ಬರು ಕೂಗುತ್ತಿರುವಾಗ ಇನ್ನೊಬ್ಬರು ತಣ್ಣಗಿರಲಿ, ನಡುವೆ ಒಮ್ಮೆ ಅದು ಅದಲುಬದಲಾಗಲಿ. ಕೈಗೆ ಕೆಲಸ ಕೊಡಿ, ನಟರಿಗೂ ಅದರಿಂದ ಉಪಕಾರ: ಪುಸ್ತಕ ಜೋಡಿಸುವುದನ್ನು ಸುಮಾ ನಿಲ್ಲಿಸದೆ ಇದ್ದದ್ದು ತಿರಸ್ಕಾರದಂತೆ ಕಾಣುತ್ತದೆ. ಇನ್ನೊಂದು ಸೀನ್‌ನಲ್ಲಿ ಅವಳು ತಟ್ಟನೆ ನಿಲ್ಲಿಸಿದರೆ ಅದೇ ದೊಡ್ಡ ಘಟನೆಯಾಗುತ್ತದೆ. ನಾಲ್ಕು ಜನರ ಮುಂದೆ ಜಗಳವಾಗುವುದಾದರೆ ಆ ಜನರಿಂದ ಒಂದು ಕೆಲಸವಾಗಬೇಕು, ಸುಮ್ಮನೆ ಬಾಯಿ ತೆರೆದು ನಿಲ್ಲಲು ಅವರು ಬೇಡ. 2017ರಲ್ಲಿ ಬಂದ ಚಕ್-ಜಿಮ್ಮಿಯರ ವಿಚಾರಣೆಯ ಕಂತಿನಲ್ಲಿ ಎದುರಿಗೆ ವಕೀಲರ ಸಮಿತಿ ಕೂತಿದೆ. ಚಕ್‌ಗೆ ಜೀವಕ್ಕಿಂತ ಹೆಚ್ಚಾದ ಗೌರವ ಯಾರ ಕೈಯಲ್ಲಿದೆಯೋ ಅವರ ಎದುರೇ ಅವನು ಹತೋಟಿ ತಪ್ಪುತ್ತಾನೆ. ಕಾಗದಪತ್ರ ತಿದ್ದಿದ ಆರೋಪದಿಂದ ಹೊರಟ ಮಾತು, ಜಿಮ್ಮಿ ಒಂಬತ್ತು ವರ್ಷದ ಹುಡುಗನಾಗಿದ್ದಾಗ ಗಲ್ಲಾಪೆಟ್ಟಿಗೆಗೆ ಕೈ ಹಾಕುತ್ತಿದ್ದ ಎಂಬಲ್ಲಿಗೆ ಹೋಗಿ ಮುಟ್ಟುತ್ತದೆ. ಆ ದಿನ ಗೆದ್ದವನು ಜಿಮ್ಮಿ, ಅವನ ಮುಖದಲ್ಲಿ ಮಾತ್ರ ಗೆಲುವಿಲ್ಲ.

ಸೀನ್ ಮುಗಿಸುವಾಗ ಕೊನೆಯ ಒಂದೆರಡು ಡೈಲಾಗ್ ಹೊಡೆದುಹಾಕಿ ಓದಿ ನೋಡಿ. ಬಹುಪಾಲು ಅದೇ ಸರಿ ಇರುತ್ತದೆ. ವೀಣಾಳ ಪ್ರಶ್ನೆಗೆ ಸುಮಾ ಕೊಡುವ ಉತ್ತರ ನಮಗೆ ಬೇಕಾಗಿಲ್ಲ.

ಹೆಜ್ಜೆ 7: ಮುನಿಸಿನ ದಿನಗಳು

ಜಗಳವಾದ ಮರುಕಂತಿನಲ್ಲಿ ಇಬ್ಬರೂ ತಂತಮ್ಮ ಕಥೆಯಲ್ಲಿ ಹಾಯಾಗಿದ್ದರೆ, ಅವರ ಸಂಬಂಧಕ್ಕೆ ಬೆಲೆಯೇ ಇರಲಿಲ್ಲ ಎಂದಾಗುತ್ತದೆ. ಬೇರೆಯಾದದ್ದರಿಂದ ಕಥೆಯೊಳಗೆ ಏನೋ ಒಂದು ಕೆಡಬೇಕು. 2013ರಲ್ಲಿ 'ದ ಗುಡ್ ವೈಫ್'ನಲ್ಲಿ ಅಲಿಸಿಯಾ ತನ್ನ ಕಚೇರಿಯನ್ನು ಬಿಟ್ಟು ಸ್ವಂತ ಕಚೇರಿ ತೆರೆಯಲು ಹೊರಟದ್ದು ಗೊತ್ತಾದಾಗ, ಅವಳನ್ನು ಪ್ರೀತಿಸಿದ್ದ, ಕೆಲಸಕ್ಕೂ ಸೇರಿಸಿಕೊಂಡಿದ್ದ ವಿಲ್ ಅವಳ ಮೇಜಿನ ಮೇಲಿದ್ದದ್ದನ್ನೆಲ್ಲ ಒಂದೇ ಏಟಿಗೆ ನೆಲಕ್ಕೆ ತಳ್ಳುತ್ತಾನೆ. ಆ ಕಂತು ಅಲ್ಲಿ ಅಳುತ್ತ ಕೂರುವುದಿಲ್ಲ. ಅದೇ ಗಳಿಗೆಯಿಂದ ಕಕ್ಷಿದಾರರನ್ನು ಎಳೆದುಕೊಳ್ಳುವ ಪೈಪೋಟಿ ಶುರುವಾಗುತ್ತದೆ. ಮನಸ್ಸಿನ ನೋವು ಕಥೆಯ ಓಟವಾಗಿ ಬದಲಾಗುವುದು ಹೀಗೆ.

ಮೌನದ ದಾರಿಯೂ ಉಂಟು. 'ಗಿಲ್ಮೋರ್ ಗರ್ಲ್ಸ್'ನಲ್ಲಿ 2005ರಲ್ಲಿ ಮಗಳು ರೋರಿ ಕಾಲೇಜು ಬಿಟ್ಟು ಅಜ್ಜ-ಅಜ್ಜಿಯ ಮನೆಗೆ ಹೋಗಿ ಇರುತ್ತಾಳೆ. ತಾಯಿ ಲೋರಲೈಗೆ ಕಾಲೇಜು ಬಿಟ್ಟದ್ದಕ್ಕಿಂತ ಹೋಗಿ ಸೇರಿದ ಮನೆ ಹೆಚ್ಚು ನೋವು ಕೊಡುತ್ತದೆ: ಹದಿಹರೆಯದಲ್ಲಿ ಇದೇ ಕೂಸನ್ನು ಎತ್ತಿಕೊಂಡು ಅವಳು ಬಿಟ್ಟುಬಂದಿದ್ದ ಮನೆ ಅದು. ಮುಂದಿನ ಸೀಸನ್ನಿನ ಒಂಬತ್ತನೆಯ ಕಂತಿನವರೆಗೂ ಇಬ್ಬರೂ ದೂರವೇ. ಆ ನಡುವೆ ಲೋರಲೈಯ ಮದುವೆ ನಿಶ್ಚಯವಾಗುತ್ತದೆ, ಮಗಳಿಲ್ಲದೆ ದಿನಾಂಕ ಗೊತ್ತುಮಾಡಲು ಅವಳಿಂದ ಆಗುವುದಿಲ್ಲ. ಎದುರಿಗಿಲ್ಲದ ಪಾತ್ರ ಹೀಗೆ ಪ್ರತಿ ಕಂತಿನಲ್ಲೂ ಇರುತ್ತದೆ.

ಹೆಜ್ಜೆ 1ರ ಹಾಳೆ ಇಲ್ಲಿಯೂ ಬೇಕು. ದಿನಾ ಮಾಡುತ್ತಿದ್ದದ್ದು ಈಗ ನಡೆಯುವುದಿಲ್ಲ, ಅದನ್ನು ಬರೀ ತೋರಿಸಿ. ಅರ್ಧ ವಾಕ್ಯ ಹೇಳಿ ನಿಲ್ಲಿಸಿದರೆ ಮುಗಿಸುವವರಿಲ್ಲ. ತಡವಾಗಿ ಬಂದವಳಿಗೆ ಕುರ್ಚಿಯನ್ನು ತಾನೇ ಹುಡುಕಿಕೊಳ್ಳಬೇಕು. ಇಬ್ಬರಿಗೂ ಬೇಕಾದ ಮೂರನೆಯವರಿದ್ದರೆ ಅವರ ಪಾಡನ್ನೂ ಗಮನಿಸಿ. ಯಾರ ಮನೆಗೆ ಹೋಗಬೇಕು, ಯಾರ ಸುದ್ದಿ ಯಾರಿಗೆ ಹೇಳಬಾರದು ಎಂದು ಪರದಾಡುವ ಅವರಿಂದ ಒಳ್ಳೆಯ ಸೀನ್‌ಗಳು ಹುಟ್ಟುತ್ತವೆ.

ಹೆಜ್ಜೆ 8: ರಾಜಿ ಮಾಡಿಸುವುದಾದರೆ

ಅಪಘಾತ, ಆಸ್ಪತ್ರೆ, ಐಸಿಯು ಬಾಗಿಲಲ್ಲಿ ಅಪ್ಪುಗೆ. ದಯವಿಟ್ಟು ಈ ದಾರಿ ಬೇಡ. ಸಾವಿನ ಭಯ ಎಲ್ಲ ಜಗಳವನ್ನೂ ಸಣ್ಣದಾಗಿಸುತ್ತದೆ, ಹಾಗಾಗಿ ಅಲ್ಲಿ ಯಾರೂ ಯಾರನ್ನೂ ನಿಜವಾಗಿ ಕ್ಷಮಿಸಿರುವುದಿಲ್ಲ. ಅಷ್ಟು ಕಂತು ಬೆಳೆಸಿದ ಪ್ರಶ್ನೆಗೆ ಉತ್ತರ ಕೊಡದೆ ತಪ್ಪಿಸಿಕೊಂಡ ಹಾಗೆ. ಅಪಘಾತ ಕಥೆಗೆ ಬೇಕೇ ಬೇಕೆಂದಿದ್ದರೆ, ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಹಳೆಯ ಮುನಿಸು ಮತ್ತೆ ತಲೆಯೆತ್ತಲಿ.

ಯಾರು ಮೊದಲು ಹೆಜ್ಜೆ ಇಡುತ್ತಾರೆ, ಅದಕ್ಕಾಗಿ ಏನನ್ನು ಬಿಟ್ಟುಕೊಡುತ್ತಾರೆ ಎಂಬುದೇ ರಾಜಿಯ ಕಥೆ. ಕ್ಷಮೆ ಕೇಳುವವರು ತಾವು ಮಾಡಿದ್ದನ್ನು ಹೆಸರಿಟ್ಟು ಹೇಳಬೇಕು. 'ಏನಾದರೂ ತಪ್ಪಾಗಿದ್ದರೆ ಕ್ಷಮಿಸು' ಎಂಬ ಮಾತನ್ನು ಒಪ್ಪಿಕೊಳ್ಳುವ ಪಾತ್ರ ನೋಡುವವರ ಕಣ್ಣಲ್ಲಿ ಸಣ್ಣದಾಗುತ್ತದೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂಬ ಗಾದೆಯನ್ನು ಬರೆಯುವವರು ನೆನಪಿಡಬೇಕಾದ ಜಾಗ ಇದು. ರಾಜಿಯಾದ ನಂತರವೂ ಏನೋ ಒಂದು ಮೊದಲಿನಂತಿರಬಾರದು. ಒಂದು ವಿಷಯವನ್ನು ಅವರು ಇನ್ನು ಮುಂದೆ ಎತ್ತದೆ ಇರಬಹುದು, ಅಥವಾ ಮೊದಲು ಎಂದೂ ಆಡದಿದ್ದ ವಿಷಯ ಈಗ ಸಲೀಸಾಗಿ ಬರಬಹುದು.

ಕಾಲವನ್ನೂ ಬಳಸಿಕೊಳ್ಳಬಹುದು. 'ಹಾಲ್ಟ್ ಅಂಡ್ ಕ್ಯಾಚ್ ಫೈರ್'ನ ಮೂರನೆಯ ಸೀಸನ್‌ನಲ್ಲಿ, 2016ರಲ್ಲಿ, ಒಟ್ಟಿಗೆ ಕಂಪನಿ ಕಟ್ಟಿದ ಡಾನಾ ಮತ್ತು ಕ್ಯಾಮರನ್ ಷೇರು ಮಾರುಕಟ್ಟೆಗೆ ಹೋಗುವ ವಿಷಯಕ್ಕೆ ಒಡೆಯುತ್ತಾರೆ. ಎಲ್ಲರೂ ಡಾನಾಳ ಕಡೆ ನಿಲ್ಲುತ್ತಾರೆ, ಕ್ಯಾಮರನ್ ಹೊರಟುಹೋಗುತ್ತಾಳೆ. ಆಮೇಲೆ ಕಥೆ 1986ರಿಂದ ಒಮ್ಮೆಗೇ 1990ಕ್ಕೆ ಹಾರುತ್ತದೆ. ನಾಲ್ಕು ವರ್ಷ ಕಳೆದ ಮೇಲೆ ಒಂದೇ ಕೋಣೆಯಲ್ಲಿ ಮತ್ತೆ ಕೂತಾಗಲೂ ಅವರ ನಡುವೆ ಅದೇ ಗಾಳಿ ಇದೆ. ಕಾಲ ಎಲ್ಲವನ್ನೂ ಮರೆಸುತ್ತದೆ ಎಂಬ ಸುಲಭದ ಮಾತನ್ನು ಅವರು ಬರೆಯಲಿಲ್ಲ. ಅವರಿಬ್ಬರ ಸ್ನೇಹ ಮತ್ತೆ ಚಿಗುರಲು ಇನ್ನೊಂದು ಸೀಸನ್ ಹಿಡಿಯಿತು, ಮತ್ತು ಅದು ಚಿಗುರಿದ್ದು ಮೊದಲು ಅವರನ್ನು ಸೇರಿಸಿದ್ದ ಕೆಲಸದ ಹುಚ್ಚಿನಿಂದಲೇ.

ಕೆಲವು ಜಗಳಗಳಿಗೆ ರಾಜಿ ಇಲ್ಲ. ಚಕ್-ಜಿಮ್ಮಿಯರಿಗೆ ಇರಲಿಲ್ಲ. ನಿಮ್ಮ ಜೋಡಿಗೂ ಇಲ್ಲ ಎಂದು ಬರೆಯುತ್ತ ಹೋದಂತೆ ಅನ್ನಿಸಿದರೆ ಅದನ್ನು ನಂಬಿ. ಪ್ರೇಕ್ಷಕರು ಬೇಸರಪಡುತ್ತಾರೆ ಎಂಬ ಭಯಕ್ಕೆ ಇಬ್ಬರನ್ನು ಬಲವಂತವಾಗಿ ತಬ್ಬಿಸಬೇಡಿ.

ಹೆಜ್ಜೆ 9: ಬರೆದಾದ ಮೇಲೆ

ಇಬ್ಬರೂ ಒಟ್ಟಿಗಿರುವ ಸೀನ್‌ಗಳನ್ನು ಮಾತ್ರ ಬೇರೆ ತೆಗೆದು, ಉಳಿದ ಕಥೆ ಬಿಟ್ಟು, ಮೊದಲಿಂದ ಕೊನೆಯವರೆಗೆ ಒಂದೇ ಸಲ ಓದಿ. ಎಲ್ಲಿ ಒಂದು ಹೆಜ್ಜೆ ಹಾರಿದೆ ಎಂಬುದು ಆಗ ಕಣ್ಣಿಗೆ ಹೊಡೆಯುತ್ತದೆ. ನಂತರ ಒಬ್ಬ ಪಾತ್ರದ ಕಣ್ಣಿನಿಂದ ಒಮ್ಮೆ, ಇನ್ನೊಬ್ಬರ ಕಣ್ಣಿನಿಂದ ಒಮ್ಮೆ ಓದಿ, 'ನನಗೆ ಅನ್ಯಾಯವಾಯಿತು' ಎಂದು ಆ ಪಾತ್ರ ಹೇಳಬಹುದಾದ ಜಾಗಗಳಿಗೆ ಗುರುತು ಹಾಕಿ. ಗುರುತುಗಳು ಒಬ್ಬರ ಕಡೆಗೇ ರಾಶಿ ಬಿದ್ದಿದ್ದರೆ ಹೆಜ್ಜೆ 3ಕ್ಕೆ ಮರಳಿ. ಡೈಲಾಗ್‌ಗಳನ್ನು ಇಬ್ಬರು ಎದುರುಬದುರು ಕೂತು ಗಟ್ಟಿಯಾಗಿ ಓದುವಂತೆ ನೋಡಿಕೊಳ್ಳಿ, ನೀವು ಓದಬೇಡಿ, ಕೇಳಿಸಿಕೊಳ್ಳಿ. 'ದ್ರೋಹ', 'ನಂಬಿಕೆ', 'ತ್ಯಾಗ' ಎಂಬ ದೊಡ್ಡ ಮಾತುಗಳು ಎಲ್ಲೆಲ್ಲಿ ಬರುತ್ತವೋ ಅಲ್ಲೆಲ್ಲ ಅವನ್ನು ತೆಗೆದು, ಆ ಜಾಗದಲ್ಲಿ ಅವರಿಬ್ಬರಿಗೆ ಮಾತ್ರ ಗೊತ್ತಿರುವ ಒಂದು ವಸ್ತು, ಒಂದು ದಿನ ಅಥವಾ ಒಂದು ಫೋನ್ ಕರೆಯನ್ನು ಇಡಿ.